ಉಗ್ರಪ್ಪನ ಮಿಡಿ ಪೆಟ್ಟಿಗೆ

ಹೊಸದುರ್ಗದ ಉಗ್ರಪ್ಪನ ಕತೆ ಇದು. ನಗು ಬಂದ ಕಡೆ ನಕ್ಕುಬಿಡಿ, ತಡೆಯೋಕೆ ಹೋಗಬೇಡಿ. ಅವನೇನೂ ಬೇಜಾರು ಮಾಡ್ಕೊಳ್ಳೋ ಆಸಾಮಿ ಅಲ್ಲ. ಆದ್ರೆ ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋಗಿ ‘ಪೆದ್ದ, ಪೆದ್ದ’ ಅಂತ ಊರೆಲ್ಲ ಸಾರಿದ್ರೆ ನನಗೆ ಕೋಪ ಬರುತ್ತೆ, ಈಗಲೇ ಹೇಳಿದೀನಿ.

ಹೆಸರು ಉಗ್ರಪ್ಪ, ಆಳು ಮಾತ್ರ ಮೊಸರನ್ನ. ವಯಸ್ಸು ಮೂವತ್ತೆರಡು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅವನ ತಾಯಿ ಓಬಮ್ಮನಿಗೆ ಅದೇ ತಲೆನೋವು. ಒಂದು ದಿನ ಅವಳು, ಸಂಜೆಗೆ ರುಬ್ಬಬೇಕು, ಉದ್ದಿನಬೇಳೆ ನೆನೆಸೋ ಅಂತ ಹೇಳಿ ಪೇಟೆಗೆ ಹೋದ್ಲು. ಬಂದು ನೋಡಿದ್ರೆ ಬೇಳೆ ಡಬ್ಬದಲ್ಲೇ ಇದೆ, ಇವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದಾನೆ. ಏನೋ ಇದು ಅಂದ್ರೆ, “ಮಧ್ಯಾಹ್ನದಿಂದ ನೆನೆಸ್ತಾನೇ ಇದೀನಮ್ಮ. ನಡುವೆ ಒಂದು ಸಲ ಕಡಲೆಬೇಳೆ ನೆನಪಾಯ್ತು, ಅದನ್ನ ಬಿಟ್ಟುಬಿಟ್ಟೆ” ಅಂದ. ಓಬಮ್ಮ ಹಣೆ ಹಣೆ ಚಚ್ಚಿಕೊಂಡ್ಲು. ಮಾರನೇ ದಿನ ಇಡ್ಲಿ ಇಲ್ಲ, ಉಪ್ಪಿಟ್ಟು.

ಈ ಓಬಮ್ಮ ಯಾರು ಅಂತೀರಾ? ನಾಟಕದ ಕಂಪನಿಯ ಪೆಟ್ಟಿಗೆ ಮೇಷ್ಟ್ರ ಮಗಳು. ಪೆಟ್ಟಿಗೆ ಅಂದ್ರೆ ಹಾರ್ಮೋನಿಯಂ. ಪ್ರತಿ ಯುಗಾದಿಗೂ ಊರಿನ ಸಮುದಾಯ ಭವನದಲ್ಲಿ ಶಾಲೆ ಮಕ್ಕಳು ಹಾಡ್ತಾರೆ. ಇಪ್ಪತ್ತೆರಡು ವರ್ಷದಿಂದ ಅದಕ್ಕೆ ಓಬಮ್ಮಂದೇ ಪೆಟ್ಟಿಗೆ. ಹೋದ ಮಳೆಗಾಲದಲ್ಲಿ ಅವಳಿಗೆ ಲಕ್ವ ಹೊಡೀತು. ಬಲಗೈ ಉಳೀತು, ಎಡಗಾಲು ಎಳೆಯೋ ಹಾಗಾಯ್ತು, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದುಬಿಡ್ತು. ಬಲಗೈ ಸ್ವರ ಹಿಡಿಯುತ್ತೆ, ಸರಿ. ಎಡಗೈ ತಿದಿ ಒತ್ತದಿದ್ರೆ ಗಾಳಿ ಎಲ್ಲಿಂದ ಬರಬೇಕು? ಮಗನೇ ತಿದಿ ಒತ್ತಲಿ ಅಂತ ಕೂರಿಸಿಕೊಂಡ್ಲು. “ಒತ್ತು” ಅಂದ್ಲು, ಒತ್ತಿದ, ಒತ್ತಿಕೊಂಡೇ ಕೂತ. “ಬಿಡು” ಅಂದ್ಲು, ಬಿಟ್ಟ, ಎದ್ದು ಹೊರಗೆ ಹೋದ.

ಶಿವರಾತ್ರಿ ಕಳೆದ ಮೇಲೆ ಶಾಲೆಯ ಹೆಡ್ ಮೇಡಂ ಮನೆಗೇ ಬಂದ್ರು. ಈ ಸಲ ಪೆನ್ ಡ್ರೈವಲ್ಲಿ ಸಂಗೀತ ಹಾಕ್ತೀವಿ, ನೀವು ಮುಂದಿನ ಸಾಲಲ್ಲಿ ಆರಾಮಾಗಿ ಕೂತು ನೋಡಿ ಓಬಮ್ಮೋರೆ, ಅಂತ ಮೆತ್ತಗೆ ಹೇಳಿದ್ರು. ಮೆತ್ತಗೆ ಹೇಳಿದ್ದಕ್ಕೇ ಓಬಮ್ಮನಿಗೆ ಜಾಸ್ತಿ ಚುಚ್ಚಿತು. ಮೇಡಂ ಹೋದ ಮೇಲೆ ಪೆಟ್ಟಿಗೆ ಮೇಲೆ ಹಳೇ ಸೀರೆ ಹೊದಿಸಿ, ಮುಗೀತು ನಂದು ಅಂದ್ಲು. ಊಟಕ್ಕೆ ಕೂತೋಳು ಎರಡೇ ತುತ್ತಿಗೆ ಎದ್ದುಬಿಟ್ಲು.

ಉಗ್ರಪ್ಪ ತಾಯಿಯ ತಟ್ಟೆ ನೋಡಿದ. ತಾಯಿ ಮುಖ ನೋಡಿದ. ನೆಟ್ಟಗೆ ದಸ್ತಗೀರ್ ಸಾಬರ ಟೀವಿ ರಿಪೇರಿ ಅಂಗಡಿಗೆ ನಡೆದ. ಅಲ್ಲಿ ಬೋರ್ಡ್ ಹಾಕಿದ್ರಲ್ಲ, ‘ಇಲ್ಲಿ ಎಲ್ಲಾ ರಿಪೇರಿ ಮಾಡಲಾಗುವುದು’ ಅಂತ?

“ಸಾಬ್ರೆ, ನಮ್ಮಮ್ಮನ ಎಡಗೈ ರಿಪೇರಿ ಮಾಡಿಕೊಡಿ” ಅಂದ.

ಸಾಬರು ನಗಲಿಲ್ಲ. ಅವರ ಮಗಳು ಸಂಗೀತದ ಸರಳೆ ಕಲಿತದ್ದು ಓಬಮ್ಮನ ಹತ್ರಾನೇ. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ರು. ಕೈ ರಿಪೇರಿ ನನ್ನಿಂದ ಆಗಲ್ಲ ಉಗ್ರಪ್ಪ, ಆದ್ರೆ ತಿದಿಯೇ ಬೇಡದ ಪೆಟ್ಟಿಗೆ ಒಂದಿದೆ, ಒಂದೇ ಕೈ ಸಾಕು, ಅದಕ್ಕೆ ಮಿಡಿ ಅಂತಾರೆ, ಮನೇಲೇ ಮಾಡ್ಕೋಬಹುದು ಅಂದ್ರು. ನಾಳೆ ಬಾ, ಮಿಡಿಗೆ ಏನೇನು ಬೇಕೋ ಜೋಡಿಸೋಣ ಅಂತಾನೂ ಅಂದ್ರು. ಅಲ್ಲೇ ಅವರು ಎಡವಿದ್ದು.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಉಗ್ರಪ್ಪ ಹಾಜರು. ತಲೆ ಮೇಲೆ ಒಂದು ಬುಟ್ಟಿ ಮಾವಿನ ಮಿಡಿ, ಎಲ್ಲಾ ತೊಟ್ಟು ಸಮೇತ. ಒಂದು ಕೈಲಿ ಕಲ್ಲುಪ್ಪು, ಇನ್ನೊಂದು ಕೈಲಿ ಖಾರದ ಪುಡಿ.

“ಮಿಡಿಗೆ ಬೇಕಾದ್ದೆಲ್ಲ ತಂದಿದೀನಿ. ಭರಣಿ ನಿಮ್ಮ ಹತ್ರ ಇದೆ ತಾನೆ?”

ಸಾಬರು ತಲೆ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡ್ರು. ಬೈದ್ರು. ಈ ಮಿಡಿ ಉಪ್ಪಿನಕಾಯಿ ಮಿಡಿ ಅಲ್ಲ, ಇದು ಯಂತ್ರ, ಇನ್ನು ಮೇಲೆ ಪೇಟೆ ಕಡೆ ತಲೆ ಹಾಕಬೇಡ, ಏನಿದ್ರೂ ನಿನ್ನ ಕೈಯಾರೆ ಮಾಡು ಅಂದ್ರು. ಸಮಾಧಾನ ಆದ ಮೇಲೆ ವಿವರಿಸಿದ್ರು: ಹದಿಮೂರು ಗುಂಡಿ ಬೇಕಾಗುತ್ತೆ, ಕೆಳಗಿನ ‘ಸ’ದಿಂದ ಮೇಲಿನ ‘ಸ’ದವರೆಗೆ, ಒಂದೇ ಸಾಲು, ಒಂದೇ ಅಳತೆ. ಉಗ್ರಪ್ಪ ಹೂಂ ಅಂದ. ಕೈಯಾರೆ ಮಾಡ್ತೀನಿ ಅಂದ. ಮನೆಗೆ ಹೋಗಿ ಹಾರೆ ತಗೊಂಡ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಹದಿಮೂರು ಗುಂಡಿ. ಕರಿಬೇವಿನ ಗಿಡದಿಂದ ಬಟ್ಟೆ ಒಗೆಯೋ ಕಲ್ಲಿನವರೆಗೆ, ದಾರ ಹಿಡಿದು ಅಳೆದ ಹಾಗೆ. ಓಬಮ್ಮ ಒಗೆದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಂದೋಳು ಎಂಟನೇ ಗುಂಡಿಗೆ ಕಾಲು ಹಾಕಿದ್ಲು. ಲೆಕ್ಕ ಹಾಕಿದ್ರೆ ಅದು ಪಂಚಮ. ಪುಣ್ಯಕ್ಕೆ ಏನೂ ಆಗಲಿಲ್ಲ, ಮೊಣಕಾಲವರೆಗೆ ಇಳಿದು ನಿಂತ್ಲು.

“ಏನೋ ಇದು, ಯಾರನ್ನ ಹೂಳಬೇಕು ಅಂತಿದೀಯ?”

“ಕೆಳಗಿನ ‘ಸ’ ಅಲ್ಲಿದೆ, ಮೇಲಿನ ‘ಸ’ ಇಲ್ಲಿದೆ ಅಮ್ಮ. ಒಂದೇ ಕೈ ಸಾಕಂತೆ” ಅಂದ ಉಗ್ರಪ್ಪ. ಆಮೇಲೆ ಸಾಬರು ಹೇಳಿದ್ದೆಲ್ಲ ಅವನ ಬಾಯಿಂದ ಹೊರಗೆ ಬಂತು.

ಓಬಮ್ಮ ಗುಂಡಿಯಿಂದ ಮೇಲೆ ಹತ್ತೋದನ್ನೇ ಮರೆತ್ಲು. ತಿದಿ ಬೇಡವಂತೆ, ಒಂದೇ ಕೈಯಂತೆ. ಗುಂಡಿಯಲ್ಲಿ ನಿಂತುಕೊಂಡೇ ಬಲಗೈ ಬೆರಳು ಮಡಚಿ ಎಣಿಸಿದ್ಲು. ಹದಿಮೂರು ಸ್ವರ, ಮಕ್ಕಳ ಹಾಡಿಗೆ ಸಾಕು. ಆಸೆ ಆಯ್ತು. ಆಸೆ ಆಗಿದ್ದು ಮಗನಿಗೆ ಗೊತ್ತಾಗಬಾರದು ಅಂತ ಇನ್ನೂ ಜೋರಾಗಿ ಬೈದ್ಲು. ಗುಂಡಿ ಅಂದ್ರೆ ಬೆರಳಲ್ಲಿ ಒತ್ತೋ ಗುಂಡಿ, ಸ್ವಿಚ್ಚಿನ ಹಾಗೆ. ಮೊದಲು ಇವನ್ನೆಲ್ಲ ಮುಚ್ಚು. ನಮ್ಮ ಹಿತ್ತಲಲ್ಲಿ ಇನ್ನೇನೂ ಬೇಡ, ಸಾಬ್ರು ಯಾವ ಜಾಗ ಹೇಳ್ತಾರೋ ಆ ಜಾಗಕ್ಕೇ ಹೋಗಿ ಮಾಡು ಅಂದ್ಲು.

ಸರಿ, ಸಾಬರೇ ಉಗುರಿನಷ್ಟಗಲದ ಕೆಂಪು ಗುಂಡಿ ಹದಿಮೂರು ಕೊಟ್ರು. ಬೆರಳುದ್ದದ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಕೊಟ್ರು. ಅದರೊಳಗೆ ಒಂದು ಪುಟ್ಟ ಮಿದುಳಿದೆ ಅಂದ್ರು. ಪ್ಲೈವುಡ್ ಪೆಟ್ಟಿಗೆ ಕೊಯ್ಯೋದು, ತೂತು ಕೊರೆಯೋದು, ಕಾದ ಕಡ್ಡಿಯಲ್ಲಿ ಬೆಸುಗೆ ಹಾಕೋದು ಹೇಳಿಕೊಟ್ರು. ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಉಗ್ರಪ್ಪನ ಕೈ ಬಂಗಾರ. ಅವನು ಹಾಕಿದ ಬೆಸುಗೆ ಒಂದೊಂದೂ ಸಾಸಿವೆ ಕಾಳಿನ ಹಾಗೆ ದುಂಡಗೆ ಕೂತಿತ್ತು. ಸಾಬರು ಭೂತಗನ್ನಡಿ ಹಿಡಿದು ನೋಡಿ, ಇವನಿಗೆ ಯಾರು ಪೆದ್ದ ಅಂದಿದ್ದು ಅಂತ ಗೊಣಗಿಕೊಂಡ್ರು.

ಅವತ್ತು ಶುಕ್ರವಾರ. ನಮಾಜಿಗೆ ಹೊರಟಿದ್ದ ಸಾಬರು ಚಪ್ಪಲಿ ಮೆಟ್ಟಿಕೊಳ್ತಾ ಹೇಳಿದ್ರು: ಪ್ರತಿ ಗುಂಡಿಗೂ ಎರಡು ಕಾಲಿದೆ, ಒಂದನ್ನ ಬೋರ್ಡಿಗೆ ಕೊಟ್ಟಾಯ್ತು, ಇನ್ನೊಂದು ಕಾಲಿನ ತಂತಿ ಗ್ರೌಂಡಿಗೆ ಹೋಗಬೇಕು, ಹದಿಮೂರದ್ದೂ.

ಉಗ್ರಪ್ಪ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡ, ತಂತಿ ಸುರುಳಿ ಹೆಗಲಿಗೆ ಹಾಕಿಕೊಂಡ, ಹೈಸ್ಕೂಲ್ ಗ್ರೌಂಡಿಗೆ ಹೊರಟ. ಸಾಬ್ರು ಹೇಳಿದ ಜಾಗಕ್ಕೇ ಹೋಗು ಅಂತ ತಾಯಿ ಹೇಳಿರಲಿಲ್ವಾ? ಅಲ್ಲಿ ಕ್ರಿಕೆಟ್ ನಡೀತಿತ್ತು. ಪಿಚ್ಚಿನ ನಡುವೆ ಪೆಟ್ಟಿಗೆ ಇಟ್ಟು, ತಂತಿ ಎಳೆದು, ನೆಲಕ್ಕೆ ಹುಗಿದು, ಮೇಲೆ ಕಲ್ಲು ಹೇರೋಕೆ ಶುರು ಮಾಡಿದ. ಆಡೋರು ಕೇಳಿದ್ರೆ, ಸಾಬ್ರು ಹೇಳಿದಾರೆ ಅಂದ. ಅಷ್ಟು ಗಂಭೀರವಾಗಿ ಹೇಳಿದ್ನಲ್ಲ, ಯಾವುದೋ ಸರ್ಕಾರಿ ಕೆಲಸ ಅಂದುಕೊಂಡು ಅವರೂ ಕಲ್ಲು ಹೊತ್ತು ತಂದ್ರು. ನಮಾಜ್ ಮುಗಿಸಿ ಬಂದ ಸಾಬರು ಅಂಗಡಿಯಲ್ಲಿ ಇವನನ್ನ ಕಾಣದೆ ಹುಡುಕಿಕೊಂಡು ಬಂದು ನೋಡಿದ್ರೆ, ಆಟ ನಿಂತಿದೆ, ಹನ್ನೊಂದು ಜನ ಹದಿಮೂರು ತಂತಿ ಕಾಯ್ತಾ ಕೂತಿದಾರೆ.

“ಪುಣ್ಯಾತ್ಮ, ಗ್ರೌಂಡ್ ಅಂದ್ರೆ ಆ ಬೋರ್ಡಿನ ಮೇಲೇ ಇರೋ ಒಂದು ಪಿನ್ನು” ಅಂದ್ರು. ದಾರಿಯುದ್ದಕ್ಕೂ ಬುದ್ಧಿ ಹೇಳಿದ್ರು. ತಿಳೀದಿದ್ರೆ ಮೊದಲು ಕೇಳು, ಕೇಳದೆ ಒಂದು ತಂತಿಯನ್ನೂ ಮುಟ್ಟಬೇಡ ಅಂತ.

ಉಗ್ರಪ್ಪ ಕೇಳಿದ. ಮುಟ್ಟೋಕೆ ಮುಂಚೆ ತಂತಿಯನ್ನ ಕಿವಿ ಹತ್ರ ಹಿಡಿದು ಕೇಳಿದ. ಗುಂಡಿಯನ್ನ ಕೇಳಿದ. ಸ್ಕ್ರೂವನ್ನೂ ಕೇಳಿದ. ಹಾಗೇ ಕೇಳಿ ಕೇಳಿ ಪೆಟ್ಟಿಗೆ ಜೋಡಿಸಿ ಮುಗಿಸಿ, ಮನೆಗೆ ತಂದು, ಅದಕ್ಕೆ ಕಿವಿ ಆನಿಸಿ ಕೂತ. ಯುಗಾದಿಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಕೂತೋನು ಸಂಜೆಯಾದ್ರೂ ಏಳಲಿಲ್ಲ.

ಓಬಮ್ಮ ಬಂದು ಒಂದು ಗುಂಡಿ ಒತ್ತಿದ್ಲು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಇನ್ನೊಂದು ಒತ್ತಿದ್ಲು, ಇಲ್ಲ. ಹದಿಮೂರೂ ಒತ್ತಿದ್ಲು.

“ಕೇಳ್ತಾನೇ ಇದೀನಮ್ಮ” ಅಂದ ಉಗ್ರಪ್ಪ, “ಏನೂ ಹೇಳ್ತಿಲ್ಲ.”

ಓಬಮ್ಮ ಬೈಯಲಿಲ್ಲ. ಬೈಯೋಕೂ ಉಸಿರು ಬೇಕಲ್ಲ. ನಿನ್ನ ತಪ್ಪಿಲ್ಲ ಮಗಾ, ಆಸೆ ಇಟ್ಟುಕೊಂಡಿದ್ದು ನನ್ನ ತಪ್ಪು ಅಂದು ಸೆರಗಲ್ಲಿ ಕಣ್ಣು ಒರೆಸಿಕೊಂಡ್ಲು. ಉಗ್ರಪ್ಪನಿಗೆ ಬೈಗುಳ ಅಭ್ಯಾಸ ಇತ್ತು, ಇದು ಅಭ್ಯಾಸ ಇರಲಿಲ್ಲ. ಓಡಿಹೋಗಿ ಸಾಬರನ್ನ ಕೈ ಹಿಡಿದು ಎಳಕೊಂಡು ಬಂದ.

ಸಾಬರು ತಮ್ಮ ಹಳೇ ಲ್ಯಾಪ್‌ಟಾಪ್ ಚೀಲದಿಂದ ತೆಗೀತಾ ಹೇಳಿದ್ರು, “ಓಬಕ್ಕ, ಈ ಪೆಟ್ಟಿಗೆ ಹಾಡಲ್ಲ. ಇಂಥ ಗುಂಡಿ ಒತ್ತಿದ್ರು, ಇಂಥ ಗುಂಡಿ ಬಿಟ್ರು ಅಂತ ಸುದ್ದಿ ಮಾತ್ರ ಮುಟ್ಟಿಸುತ್ತೆ. ಹಾಡೋದು ಈ ಕಂಪ್ಯೂಟರು. ಸುದ್ದಿ ಹೇಗೆ ಮುಟ್ಟಿಸಬೇಕು ಅಂತ ಪೆಟ್ಟಿಗೆಗಿನ್ನೂ ಕಲಿಸಿಲ್ಲ.”

ಆ ಕಲಿಸೋ ಪಾಠ, ಪ್ರೋಗ್ರಾಂ ಅಂತಾರಲ್ಲ ಅದು, ಮೂರು ಹಾಳೆ ತುಂಬ ಇಂಗ್ಲಿಷಲ್ಲಿತ್ತು. ಡಿಪ್ಲೊಮಾ ಓದಿದ ಇಬ್ಬರ ಕೈಗೆ ಹಿಂದೆ ಇಂಥದ್ದೇ ಹಾಳೆ ಕೊಟ್ಟಿದ್ದರಂತೆ ಸಾಬರು. ಅವರು ತಮ್ಮ ಬುದ್ಧಿಯೂ ಒಂದಿಷ್ಟು ಸೇರಿಸಿ ಕೆಡಿಸಿಟ್ಟಿದ್ರಂತೆ. ಉಗ್ರಪ್ಪನಿಗೆ ಹೇಳಿದ್ರು: ಹಾಳೇಲಿ ಎಷ್ಟಿದೆಯೋ ಅಷ್ಟು, ಎಣಿಸಿಕೊಂಡು ಕಂಪ್ಯೂಟರಲ್ಲಿ ಹೊಡಿ, ಒಂದು ಹೆಚ್ಚಬಾರದು, ಒಂದು ಕಮ್ಮಿಯಾಗಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಉಗ್ರಪ್ಪ ರಂಗೋಲಿ ನೋಡಿ ರಂಗೋಲಿ ಇಟ್ಟ ಹಾಗೆ ಅಕ್ಷರ ನೋಡಿ ಅಕ್ಷರ ಹೊಡೆದ. ಎರಡು ದಿನ ಹಿಡೀತು. ನಡುವೆ ಒಂದೇ ಸಲ ಸಾಬರ ಹತ್ರ ಎದ್ದು ಹೋದ. ಎರಡನೇ ಹಾಳೆ ಮೇಲೆ ಟೀ ಲೋಟದ ಉಂಗುರ ಇತ್ತು, ಅದಕ್ಕೆ ಯಾವ ಕೀ ಒತ್ತಬೇಕು ಅಂತ ಕೇಳಿದ. ಅದು ಬೇಡ ಅಂದ್ರು, ಬಿಟ್ಟ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸಾಬರು ಪೆಟ್ಟಿಗೆಗೆ ಆ ಪಾಠ ಇಳಿಸಿದ್ರು. ಒಂದು ತಪ್ಪು ಬರಲಿಲ್ಲ. ಎಷ್ಟೋ ವರ್ಷದಿಂದ ಈ ಕೆಲಸ ಮಾಡ್ತಿದೀನಿ ಓಬಕ್ಕ, ಮೊದಲ ಸಲಕ್ಕೇ ಓಡಿದ್ದು ನಾನು ನೋಡಿಲ್ಲ ಅಂದ್ರು. ಓಬಮ್ಮ ಬಲಗೈ ತೋರುಬೆರಳಿಂದ ಮೊದಲನೇ ಗುಂಡಿ ಒತ್ತಿದ್ಲು. ಲ್ಯಾಪ್‌ಟಾಪಿಂದ ತುಂಬು ಹಾರ್ಮೋನಿಯಂ ದನಿಯಲ್ಲಿ ‘ಸ’ ಬಂತು. ಬೆರಳು ತೆಗೆಯಲೇ ಇಲ್ಲ ಅವಳು, ತೆಗೆದ್ರೆ ಎಲ್ಲಿ ಹೋಗಿಬಿಡುತ್ತೋ ಅಂತ. ಆಮೇಲೆ ಮಗನ ಕಡೆ ನೋಡಿದ್ಲು. ಮೂವತ್ತೆರಡು ವರ್ಷದಲ್ಲಿ ಇಷ್ಟು ಹೆಮ್ಮೆ ಅವಳಿಗೆ ಆಗಿದ್ದಿಲ್ಲ. ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ತಿಳೀಲಿಲ್ಲ. ಸೀರೆ ಬದಲಾಯಿಸಿ, ಕಾಲೆಳೆದುಕೊಂಡೇ ಶಾಲೆಗೆ ಹೋಗಿ, ನಿಮ್ಮ ಪೆನ್ ಡ್ರೈವ್ ನಿಮ್ಮ ಹತ್ರಾನೇ ಇರಲಿ ಮೇಡಂ, ನನ್ನ ಮಗ ಪೆಟ್ಟಿಗೆ ಮಾಡಿದಾನೆ ಅಂದು ಬಂದ್ಲು. ಬರ್ತಾ ದಾರಿಯಲ್ಲಿ ಕೇಳಿದೋರಿಗೂ ಹೇಳಿದ್ಲು, ಕೇಳದೋರಿಗೂ ಹೇಳಿದ್ಲು.

ಯುಗಾದಿ ದಿನ ಸಮುದಾಯ ಭವನ ತುಂಬಿತ್ತು. ವೇದಿಕೆಯ ಒಂದು ಬದಿಗೆ ಓಬಮ್ಮ, ಮುಂದೆ ಮಿಡಿ ಪೆಟ್ಟಿಗೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಸಾಬರು. ಮಕ್ಕಳು ಮೂರು ಹಾಡು ಹಾಡಿದ್ರು. ಮೂರನೇ ಹಾಡಲ್ಲಿ ಮುಂದಾಳು ಹುಡುಗಿ ಗಾಬರಿಗೆ ತಾಳ ಬಿಟ್ಟು ಓಡೋಕೆ ಶುರು ಮಾಡಿದ್ಲು. ಓಬಮ್ಮ ಅವಳ ಹಿಂದೆಯೇ ಹೋಗಿ, ಸ್ವರದಲ್ಲೇ ಕೈ ಹಿಡಿದು, ನಿಧಾನಕ್ಕೆ ತಾಳಕ್ಕೆ ತಂದು ನಿಲ್ಲಿಸಿದ್ಲು. ಯಾವ ಪೆನ್ ಡ್ರೈವ್ ಮಾಡುತ್ತೆ ಹೇಳಿ ಅದನ್ನ? ಹೆಡ್ ಮೇಡಮ್ಮಿಗೂ ಅದು ಗೊತ್ತಾಯ್ತು. ಚಪ್ಪಾಳೆ ನಿಲ್ಲೋಕೆ ಬಿಡದೆ ಮೈಕ್ ಹಿಡಿದು, ಈ ಪೆಟ್ಟಿಗೆ ಮಾಡಿದ ಉಗ್ರಪ್ಪನವರು ವೇದಿಕೆಗೆ ಬಂದು ನಾಲ್ಕು ಮಾತಾಡಬೇಕು ಅಂದ್ರು.

ಉಗ್ರಪ್ಪನವರು! ಆ ಹೆಸರಿಗೆ ‘ನವರು’ ಸೇರಿದ್ದು ಅದೇ ಮೊದಲು. ಓಬಮ್ಮ ಗಾಬರಿಯಾಗಿ ಮಗನ ಕಡೆ ತಿರುಗಿದ್ಲು. ಇಷ್ಟು ಜನರ ಮುಂದೆ ಏನು ಹೇಳಿಬಿಡ್ತಾನೋ, ಎಲ್ಲಾ ಎಲ್ಲಿ ನಗ್ತಾರೋ ಅಂತ.

ಉಗ್ರಪ್ಪ ಮೈಕ್ ತಗೊಂಡ. ಎಣಿಸಿಕೊಂಡು ಮಾಡು ಅಂದಿದ್ರಲ್ಲ ಸಾಬರು, ಒಂದು ಹೆಚ್ಚಬಾರದು, ಒಂದು ಕಮ್ಮಿಯಾಗಬಾರದು ಅಂತ? ಎಡಗೈ ಬೆರಳು ಮುಂದೆ ಹಿಡಿದು, ಒಂದೊಂದೇ ಮಡಚುತ್ತಾ ಹೇಳಿದ:

“ಇವರು. ನಮ್ಮಮ್ಮ. ನಾನು. ಮಗ.”

ಅಷ್ಟೇ. ಮೈಕ್ ವಾಪಸ್ ಕೊಟ್ಟ. ಇನ್ನೂ ಸ್ವಲ್ಪ ಹೇಳಿ ಅಂದ್ರು ಮೇಡಂ. ನಾಲ್ಕಾಯ್ತು ಮೇಡಂ ಅಂದ, ಮಡಚಿದ ಬೆರಳು ತೋರಿಸಿದ. ಭವನ ಪೂರ್ತಿ ನಕ್ಕಿತು. ಊರು ನಕ್ಕಾಗಲೆಲ್ಲ ತಲೆ ತಗ್ಗಿಸ್ತಿದ್ದ ಓಬಮ್ಮ ಅವತ್ತು ತಾನೂ ನಕ್ಕಳು, ಕಣ್ಣಲ್ಲಿ ನೀರು ಸುರೀತಿತ್ತು.

ಮಾತು ಮುಗಿದ ಮೇಲೆ ಇಳಿ ಅಂತ ಯಾರೂ ಹೇಳಲಿಲ್ಲ. ಉಗ್ರಪ್ಪ ಇಳೀಲಿಲ್ಲ. ನಡುವೇದಿಕೆಯಲ್ಲಿ ಕೈ ಕಟ್ಟಿ ನಿಂತೇ ಇದ್ದ. ಕೋಲಾಟದ ಹುಡುಗಿಯರು ಬಂದ್ರು, ನೋಡಿದ್ರು, ಅವನ ಸುತ್ತಲೇ ಕೋಲು ಹೊಡೀತಾ ಕುಣಿಯೋಕೆ ಶುರು ಮಾಡಿದ್ರು. ಸಾಬರು ಅವನನ್ನ ಕರೆಯೋಕೆ ಅಂತ ಎದ್ರು. ಓಬಮ್ಮ ಬಲಗೈಯಿಂದ ಅವರ ಜುಬ್ಬದ ತುದಿ ಹಿಡಿದು ಕೂರಿಸಿದ್ಲು.

“ಸುಮ್ಮನಿರಿ ಸಾಬ್ರೆ. ಯಾರೂ ಅವನನ್ನ ಇಳಿ ಅನ್ನಬೇಡಿ. ಎಲ್ಲರೂ ನೋಡ್ಲಿ.”

ಯಾರೂ ಅನ್ನಲಿಲ್ಲ. ಕೋಲಾಟ ಆಯ್ತು, ಏಕಪಾತ್ರಾಭಿನಯ ಆಯ್ತು, ಅಧ್ಯಕ್ಷರು ಉಗ್ರಪ್ಪನ ಪಕ್ಕಕ್ಕೆ ಸರಿದು ನಿಂತು ಮುಕ್ಕಾಲು ಗಂಟೆ ಭಾಷಣ ಮಾಡಿದ್ದೂ ಆಯ್ತು. ವಂದನಾರ್ಪಣೆ ಮುಗಿದು, ಶಾಮಿಯಾನದವನು ಬಂದು ಕುರ್ಚಿ ಎತ್ತೋವರೆಗೂ ಉಗ್ರಪ್ಪ ವೇದಿಕೆ ಮೇಲೇ ನಿಂತಿದ್ದ.