ಚಂಗಪ್ಪ ಎತ್ತಿದ ಕಾಲು

ಕುರುಚಲು ಕಾಡಿನ ನಡುವೆ ಒಂದು ಹೊಂಡ. ಅದರ ದಂಡೆಯ ಪೊದೆಗಳಲ್ಲಿ ಮೊಲಗಳ ಕೇರಿ. ಆ ಕೇರಿಯಲ್ಲಿ ಚಂಗಪ್ಪ ಎಂಬ ಮೊಲವಿದ್ದ. ಮಕ್ಕಳೇ, ಅವನ ಒದೆಯ ಸುದ್ದಿ ಕೇಳುವ ಮುಂಚೆ ಸ್ವಲ್ಪ ಹಿಂದಕ್ಕೆ ಸರಿದು ಕೂತುಕೊಳ್ಳಿ, ಒಳ್ಳೆಯದು. ಒಂದು ಬೆಳಗ್ಗೆ ಅವನು ಮೈಮುರಿಯುತ್ತ ಸುಮ್ಮನೆ ಕಾಲು ಝಾಡಿಸಿದನಂತೆ. ಮೇಲೆ ಹೋಗುತ್ತಿದ್ದ ಮೋಡ ಬೆದರಿ ದಾರಿ ಬದಲಿಸಿ, ಪಕ್ಕದ ತಾಲ್ಲೂಕಿನಲ್ಲಿ ಮಳೆ ಸುರಿಸಿತಂತೆ. ನಂಬದವರು ಪಕ್ಕದ ತಾಲ್ಲೂಕಿಗೆ ಹೋಗಿ ವಿಚಾರಿಸಬಹುದು.

ಮೊಲಗಳ ಒದೆಯಾಟಕ್ಕೆ ಅವುಗಳದೇ ಕಟ್ಟುಪಾಡು. ಮುಂಗಾಲಲ್ಲಿ ಗುದ್ದಬಹುದು, ಹಿಂಗಾಲಲ್ಲಿ ಒದೆಯಬಹುದು. ಹಿಡಿಯುವಂತಿಲ್ಲ, ಕೆಡವುವಂತಿಲ್ಲ. ಒದ್ದ ಮೇಲೆ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಕಿವಿ ನೆಟ್ಟಗೆ ಮಾಡಿ, ಸುತ್ತಲೂ ನೋಡಬೇಕು. ಕಾಲು ಎಷ್ಟು ಎತ್ತರಕ್ಕೆ ಹೋಯಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ನೋಡಿ ಕೇರಿಯ ಹಿರಿಯ ದೊಡ್ಡಕಿವಿ ಅಜ್ಜ ಗೆಲುವು ಸಾರುತ್ತಿದ್ದ. ಚಂಗಪ್ಪನ ಕಾಲು ಒಮ್ಮೆ ಮೇಲೇರಿತೆಂದರೆ, ಪಿಕಳಾರ ಹಕ್ಕಿಯೊಂದು ಬಂದು ಅದರ ಮೇಲೆ ಕೂತು, ಗೂಡಿಗೆ ಜಾಗ ಸಾಕಾಗುತ್ತದೆಯೇ ಎಂದು ಅಳತೆ ನೋಡುತ್ತಿತ್ತು!

ಆ ವರ್ಷ ಬಿಸಿಲು ಜೋರಾಯಿತು. ಹೊಂಡದ ನೀರು ತಳಕ್ಕಿಳಿಯಿತು. ಬೆಳಗ್ಗೆ ಮೊದಲು ಇಳಿದವರಿಗೆ ತಿಳಿನೀರು, ಆಮೇಲೆ ಬಂದವರಿಗೆ ಬರೀ ರಾಡಿ. ಯಾರು ಮೊದಲು ಇಳಿಯಬೇಕು ಎಂಬುದಕ್ಕೆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹುಣ್ಣಿಮೆಯ ಸಂಜೆ ಎಲ್ಲ ಪ್ರಾಣಿಗಳೂ ಕೂಡಿದ ಅಖಾಡದಲ್ಲಿ ಯಾರು ಗೆಲ್ಲುತ್ತಾರೋ, ಮುಂದಿನ ಹುಣ್ಣಿಮೆಯವರೆಗೆ ಅವರ ಬಳಗದವರೇ ಮೊದಲು. ಆ ಅಖಾಡದಲ್ಲಿ ಒದೆಯೂ ನಡೆಯುತ್ತದೆ, ಗುದ್ದೂ ನಡೆಯುತ್ತದೆ, ಹಿಡಿದು ಕೆಡವಿ ಮೇಲೆ ಕೂತರೂ ಕೇಳುವವರಿಲ್ಲ. "ಸಾಕು" ಅಂದವರು ಸೋತರು, ಅಷ್ಟೇ.

ಅಲ್ಲಿ ಸತತವಾಗಿ ಗೆಲ್ಲುತ್ತಿದ್ದವಳು ಬೋರಮ್ಮ ಎಂಬ ಉಡ. ಅವಳು ಹಿಡಿದದ್ದನ್ನು ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಚಿಕ್ಕವಳಿದ್ದಾಗ ಬಂಡೆಯೊಂದನ್ನು ಹಿಡಿದಿದ್ದಳಂತೆ, ಕೊನೆಗೆ ಬಂಡೆಯೇ ಬೇಸತ್ತು ಎರಡು ಹೋಳಾಯಿತಂತೆ. ಅವಳೂ ಅವಳ ಬಳಗವೂ ಬೆಳಗಾಗುತ್ತಲೇ ಹೊಂಡಕ್ಕಿಳಿದು ಕುಡಿದು, ಹೊರಳಾಡಿ ಏಳುತ್ತಿದ್ದರು. ಉಳಿದ ರಾಡಿ ಕುಡಿದು ಚಂಗಪ್ಪನ ಮರಿಗಳಿಗೆ ಹೊಟ್ಟೆನೋವು.

"ರೀ, ಕೇರಿಯೊಳಗೆ ಗೆದ್ದದ್ದು ಸಾಕು. ಈ ಸಲ ಹುಣ್ಣಿಮೆ ಅಖಾಡಕ್ಕೆ ಹೋಗಿ," ಅಂದಳು ಹೆಂಡತಿ ಗರಿಕಮ್ಮ.

"ಹೋಗ್ತೀನಿ ಕಣೇ. ಪಾಪ, ಬೋರಮ್ಮನ ಮನೆಯವರಿಗೆ ಮೊದಲೇ ಹೇಳಿಬಿಡು, ಅವಳನ್ನ ಹೊತ್ತುಕೊಂಡು ಹೋಗೋಕೆ ನಾಲ್ಕು ಜನ ಬರಲಿ," ಅಂದ ಚಂಗಪ್ಪ, ಮೀಸೆ ನೀವಿಕೊಳ್ಳುತ್ತ.

ಹುಣ್ಣಿಮೆಯ ಸಂಜೆ ಬಂತು. ತೀರ್ಪುಗಾರ ಕೊಕ್ಕರೆ "ಶುರು!" ಅಂದದ್ದೇ ತಡ, ಚಂಗಪ್ಪನ ಕಾಲು ಬೋರಮ್ಮನ ದವಡೆಗೆ ಫಟ್ಟನೆ ಬಿತ್ತು. ಎಂಥ ಒದೆ ಅಂತೀರಿ! ಬೋರಮ್ಮನ ಕಣ್ಣಿಗೆ ಇರುಳಾಗುವ ಮುಂಚೆಯೇ ಚುಕ್ಕಿ ಕಂಡವು. ಇನ್ನೊಂದು ಬಿದ್ದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಇನ್ನೊಂದು ಬೀಳಲಿಲ್ಲ. ಚಂಗಪ್ಪ ಕಾಲನ್ನು ಗಾಳಿಯಲ್ಲಿ ನಿಲ್ಲಿಸಿ, ಕಿವಿ ನೆಟ್ಟಗೆ ಮಾಡಿ, ಗುಂಪಿನ ಕಡೆ ತಿರುಗಿ, "ಅಜ್ಜ, ನೋಡಿದ್ರಾ?" ಅಂದ.

ಅಜ್ಜ ನೋಡಿದ. ಬೋರಮ್ಮನೂ ನೋಡಿದಳು. ಕಣ್ಣ ಮುಂದೆಯೇ ಒಂದು ಕಾಲು ತೂಗುತ್ತಿದೆ! ಗಬಕ್ಕನೆ ಹಿಡಿದಳು, ಗರಗರ ತಿರುಗಿಸಿದಳು, ಕೆಡವಿದಳು, ಮೇಲೆ ಕೂತಳು.

"ಸಾಕು, ಸಾಕು, ಸಾಕು!" ಒಂದು ಸಲ ಅಂದಿದ್ದರೆ ಸಾಕಿತ್ತು, ಚಂಗಪ್ಪ ಮೂರು ಸಲ ಅಂದ.

ಮನೆಗೆ ಬಂದವನೇ ನೆಲ ಜಾರುತ್ತಿತ್ತು ಅಂದ, ಗಾಳಿ ಎದುರಿಗಿತ್ತು ಅಂದ, ಕೊಕ್ಕರೆಯ ಕಣ್ಣು ಮಂಜು ಅಂದ.

ಗರಿಕಮ್ಮ ಎಲ್ಲ ಕೇಳಿಸಿಕೊಂಡು, "ಒದ್ದಿದ್ದು ಸರಿಯಾಗೇ ಇತ್ತು. ಆದರೆ ಒದ್ದ ಮೇಲೆ ಕಾಲನ್ನ ಯಾಕೆ ಅಲ್ಲೇ ಬಿಟ್ಟುಬಿಟ್ರಿ?" ಅಂದಳು.

"ಕಾಲು ನಿಲ್ಲಿಸದೆ ಇದ್ದರೆ ಅದು ಒದೆ ಹೇಗಾಗುತ್ತೆ? ನಮ್ಮಪ್ಪ, ನಮ್ಮ ತಾತ ಎಲ್ಲ ನಿಲ್ಲಿಸಿದವರೇ."

ಅಷ್ಟರಲ್ಲಿ ಕಿರಿಯ ಮರಿ ಕುಡಿದ ರಾಡಿಯನ್ನೆಲ್ಲ ಅವನ ಕಾಲ ಮೇಲೆಯೇ ವಾಂತಿ ಮಾಡಿತು. ಚಂಗಪ್ಪ ಆ ಕಾಲನ್ನು ನೋಡಿದ. ಮರಿಯ ಒಣಗಿದ ಮೂತಿ ನೋಡಿದ. ಎದ್ದು ನೇರ ಬೋರಮ್ಮನ ಬಿಲಕ್ಕೆ ಹೋದ.

"ಬೋರಕ್ಕ, ನಾಚಿಕೆ ಬಿಟ್ಟು ಕೇಳ್ತಿದ್ದೀನಿ. ನನ್ನನ್ನ ಹೇಗೆ ಕೆಡವಿದೆ?"

ಬೋರಮ್ಮ ಬೆಳದಿಂಗಳಲ್ಲಿ ಚಾಚಿಕೊಂಡು ಮಲಗಿದ್ದಳು. "ನಾನೆಲ್ಲಿ ಕೆಡವಿದೆ ಮಾರಾಯ? ನೀನೇ ಕಾಲು ತಂದು ಕೈಗಿಟ್ಟೆ. ಮೇಲಕ್ಕೆ ಬಂದು ನಿಲ್ಲೋ ಕಾಲು ಅಂದರೆ ನನಗೆ ಹಬ್ಬ. ಬಂದಷ್ಟೇ ಬೇಗ ವಾಪಸ್ ಹೋಗೋ ಕಾಲನ್ನ ಹಿಡಿಯೋದು ಕಷ್ಟ. ಬಗ್ಗಿ ನಿಂತವನನ್ನ ಕೆಡವೋದು ಇನ್ನೂ ಕಷ್ಟ."

"ಇಷ್ಟೆಲ್ಲ ನನಗೇ ಹೇಳಿಬಿಟ್ಟೆಯಲ್ಲಕ್ಕ!"

"ಹೇಳಿದರೇನು? ನೀನು ಬಗ್ಗೋನಲ್ಲ ಬಿಡು. ನಿಮ್ಮ ಕೇರಿಯವರು 'ಆಹಾ' ಅಂದರೆ ನಿನ್ನ ಕಾಲು ತಾನಾಗಿ ಮೇಲೆ ಹೋಗುತ್ತೆ," ಎಂದು ಬೋರಮ್ಮ ಬಾಲ ಬಡಿದು ನಕ್ಕಳು.

ಮಾರನೆಯ ದಿನದಿಂದ ಅಭ್ಯಾಸ. ಗರಿಕಮ್ಮನೇ ಬೋರಮ್ಮ. ಚಂಗಪ್ಪ ಒದೆಯಬೇಕು, ಕಾಲು ವಾಪಸ್ ಬರುವುದು ಕಣ್ಣು ಮಿಟುಕಿಸುವಷ್ಟು ತಡವಾದರೂ ಅವಳು ಕಚ್ಚಿ ಹಿಡಿಯುತ್ತಿದ್ದಳು.

"ಅಯ್ಯೋ, ನಿಜವಾಗ್ಲೂ ಕಚ್ತೀಯಲ್ಲೇ!"

"ಸುಳ್ಳು ಸುಳ್ಳೇ ಕಚ್ಚಿದರೆ ಪಾಠ ಹತ್ತುತ್ತಾ? ಇನ್ನೊಂದು ಸಲ ಒದೀರಿ."

ಮೊದಮೊದಲು ಚಂಗಪ್ಪ ಹೆಜ್ಜೆಗೊಮ್ಮೆ ಕುಂಟಿದ. ಆಮೇಲೆ ಕಾಲು ಬುದ್ಧಿ ಕಲಿಯಿತು. ಎತ್ತರದ ಒದೆ ಬಿಟ್ಟು ಮೊಣಕಾಲಿನ ಮಟ್ಟಕ್ಕೆ ಒದೆಯಲು ಕಲಿತ. ಕಾಲಗಲಿಸಿ ಬಗ್ಗಿ ನಿಲ್ಲಲು ಕಲಿತ. ಒದೆಯುವಂತೆ ಹೂಡಿ ಒದೆಯದೇ ಇರಲು ಕಲಿತ. ಬಿದ್ದರೆ ಅಲ್ಲೇ ಬಿದ್ದಿರದೆ ಉರುಳಿ ಏಳಲು ಕಲಿತ. ಗರಿಕಮ್ಮನ ಬಾಯಿಗೆ ದಿನವಿಡೀ ಬರೀ ಗಾಳಿ ಸಿಗತೊಡಗಿತು. ಅಷ್ಟು ಗಾಳಿ ನುಂಗಿ ಅವಳು ಒಂದು ಸಂಜೆ ಮೊಳದೆತ್ತರಕ್ಕೆ ತೇಲಿ ಹೋದಳು ಎಂದು ಅಳಿಲು ಹೇಳುತ್ತದೆ. ಅಳಿಲಿನ ಮಾತು, ಸ್ವಲ್ಪ ಕಡಿಮೆ ಮಾಡಿ ತೆಗೆದುಕೊಳ್ಳಿ.

ಮತ್ತೆ ಹುಣ್ಣಿಮೆ ಬಂತು. ಈ ಸಲ ಅಖಾಡವನ್ನು ಹಳೆಯ ಹುಣಸೆ ಬೊಡ್ಡೆಯೊಂದರ ಸುತ್ತ ಹಾಕಿದ್ದರು. ಚಂಗಪ್ಪ ಬಗ್ಗಿ, ಕಾಲಗಲಿಸಿ, ಕಪ್ಪೆಯ ಹಾಗೆ ನಿಂತ. ಮೊಲಗಳ ಗುಂಪಿನಲ್ಲಿ ಗುಸುಗುಸು ಎದ್ದಿತು.

ಬೋರಮ್ಮ ನುಗ್ಗಿದಳು. ಚಂಗಪ್ಪ ಅವಳ ಮುಂಗಾಲಿಗೆ ಟಪ್ಪನೆ ಒಂದು ಕೊಟ್ಟು ಹಿಂದೆ ಸರಿದ. ಅವಳು ಹಿಡಿಯಲು ಬಂದಾಗ ಕಾಲು ಅಲ್ಲಿರಲಿಲ್ಲ. ಮತ್ತೆ ನುಗ್ಗಿದಳು, ಮತ್ತೆ ಟಪ್. ಬೋರಮ್ಮ ಕುಂಟತೊಡಗಿದಳು.

"ಏನೋ ಇದು, ನೊಣ ಓಡಿಸ್ತಾ ಇದ್ದೀಯಾ?" ದೊಡ್ಡಕಿವಿ ಅಜ್ಜ ಕೂಗಿದ. "ಎತ್ತೋ ಕಾಲು! ಕೇರಿಯ ಮಾನ ತೆಗೀಬೇಡ!"

"ಎತ್ತು! ಎತ್ತು!" ಅಂದವು ಮೊಲಗಳೆಲ್ಲ.

ಚಂಗಪ್ಪನ ಕಾಲು ಜುಮ್ಮೆಂದಿತು. ಒಂದೇ ಒಂದು ಸಲ, ಎತ್ತರಕ್ಕೆ, ಎಲ್ಲರೂ ನೋಡುವ ಹಾಗೆ! ಅಷ್ಟರಲ್ಲಿ ಗುಂಪಿನಂಚಿನಲ್ಲಿ ಒಣ ಮೂತಿಯ ಮರಿ ಕಂಡಿತು. ಚಂಗಪ್ಪ ಬೊಡ್ಡೆಗೆ ಬೆನ್ನು ಹಾಕಿ ನಿಂತು, ಕಾಲು ಮೇಲಕ್ಕೆ ಹೂಡಿದ.

"ಬಂತು ನನ್ನ ಹಬ್ಬ!" ಎಂದು ಬೋರಮ್ಮ ಬಾಯಿ ತೆರೆದು ಹಾರಿದಳು.

ಕಾಲು ಮೇಲೆ ಹೋಗಲೇ ಇಲ್ಲ. ಚಂಗಪ್ಪ ಪಕ್ಕಕ್ಕೆ ಉರುಳಿದ. ಬೋರಮ್ಮ ಹುಣಸೆ ಬೊಡ್ಡೆಯನ್ನು ಹಲ್ಲು, ಉಗುರು ಎಲ್ಲ ಹಾಕಿ ಕಚ್ಚಿ ಹಿಡಿದಳು. ಹಿಡಿದದ್ದು ಬೊಡ್ಡೆ ಎಂದು ಗೊತ್ತಾಯಿತು. ಆದರೆ ಬಿಡುವುದು ಅವಳ ಮನೆತನದಲ್ಲೇ ಇರಲಿಲ್ಲವಲ್ಲ! ಚಂಗಪ್ಪ ಅವಳ ಪಕ್ಕೆಗೆ ಟಪ್ ಟಪ್ ಟಪ್ ಎಂದು ಒಂದೇ ಸಮನೆ ಕೊಟ್ಟ.

"ಊಂ! ಊಂ ಊಂ!" ಅಂದಳು ಬೋರಮ್ಮ.

"ಏನಂತೆ?" ಅಂತ ಕೊಕ್ಕರೆ ಕತ್ತು ಬಗ್ಗಿಸಿತು. "ಸ್ಪಷ್ಟವಾಗಿ ಹೇಳಮ್ಮ, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ."

ಸಾಕು ಅನ್ನಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಹಿಡಿತ ಬಿಟ್ಟಂತೆ. ಬೋರಮ್ಮ ಇನ್ನೂ ಆರೇಳು ಒದೆ ತಿನ್ನುತ್ತ ಯೋಚಿಸಿದಳು. ಕೊನೆಗೆ ಹುಟ್ಟಿದ ಮೇಲೆ ಮೊದಲ ಸಲ ಹಿಡಿದದ್ದನ್ನು ಬಿಟ್ಟು, "ಸಾಕು ಕಣೋ ಮಾರಾಯ!" ಅಂದಳು.

ಬೆಳಗಾಯಿತು. ಹೊಂಡದ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಚಂಗಪ್ಪನ ಮರಿಗಳು ಮೂತಿ ಮುಳುಗಿಸಿ, ಉಸಿರು ತೆಗೆದುಕೊಳ್ಳುವುದನ್ನೂ ಮರೆತು ಕುಡಿದವು. ಕೇರಿಯೇ ಸಾಲಾಗಿ ಇಳಿಯಿತು.

ದೊಡ್ಡಕಿವಿ ಅಜ್ಜ ಮಾತ್ರ ದಂಡೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. "ಗೆದ್ದೆ, ನಿಜ. ಆದರೆ ಅದೆಂಥ ಗೆಲುವಯ್ಯ? ಕಾಲು ಒಂದು ಸಲವೂ ಕಿವಿಗಿಂತ ಮೇಲೆ ಹೋಗಲಿಲ್ಲ. ನೋಡೋಕೆ ಚೆಂದವೇ ಇರಲಿಲ್ಲ."

"ಹೌದಜ್ಜ, ಚೆಂದ ಇರಲಿಲ್ಲ," ಅಂದ ಚಂಗಪ್ಪ, ಬೊಗಸೆಯಲ್ಲಿ ತಿಳಿನೀರು ತಂದು ಅಜ್ಜನ ಮೂತಿಗೆ ಹಿಡಿಯುತ್ತ. "ಮೊದಲು ಇದನ್ನ ಕುಡೀರಿ. ಆಮೇಲೆ ಬೇಕಾದಷ್ಟು ಬೈಯಿರಿ."

ಅಜ್ಜ ಕುಡಿದ. ಇನ್ನೊಂದು ಬೊಗಸೆ ಕೇಳಿದ. ಬೈಯುವುದು ಮರೆತೇಹೋಯಿತು.

ನೀತಿ: ಅಖಾಡ ಬದಲಾದಾಗ ಪಟ್ಟು ಬದಲಿಸಬೇಕು, ಹೊಗಳಿಕೆಗಾಗಿ ಎತ್ತಿದ ಕಾಲು ಎದುರಾಳಿಯ ಕೈ ಸೇರುತ್ತದೆ.