ಒದ್ದೆ ಮರಳಿನ ಫೋಟೊ

ಕಡಲೂರಿನ ಪ್ರಾಣಿಗಳು ಒಂದು ಪಂದ್ಯ ಇಟ್ಟವು. ಹೇಳಿದ ವಸ್ತುಗಳನ್ನು ಹುಡುಕಬೇಕು, ಪ್ರತಿಯೊಂದರ ಜೊತೆ ಇಡೀ ತಂಡ ಫೋಟೊದಲ್ಲಿರಬೇಕು. ಏಡಿ, ಆಮೆ, ಹದ್ದು ಒಂದು ತಂಡ. ಕ್ಯಾಮೆರಾ ಹದ್ದಿನ ಕಾಲಲ್ಲಿತ್ತು.

ತೀರ್ಪುಗಾರ ಬೆಳ್ಳಕ್ಕಿ, "ಯಾವ ಫೋಟೊದಲ್ಲೂ ಹದ್ದು ಇಲ್ಲ," ಎಂದಿತು.

"ತೆಗೆದವನೇ ನಾನು, ಸ್ವಾಮಿ!"

"ದೋಣಿಯ ಫೋಟೊ ಬಾಕಿಯಿದೆ. ಉಳಿದವನ್ನು ಮನ್ನಿಸುತ್ತೇನೆ, ಅದರಲ್ಲೂ ನೀನು ಇಲ್ಲದಿದ್ದರೆ ತಂಡ ಹೊರಗೆ."

ಹದ್ದು ಗೆಳೆಯರಿಗೆ, "ನನ್ನನ್ನು ಬಿಟ್ಟು ನೀವಿಬ್ಬರೇ ಆಡಿ," ಎಂದಿತು.

"ಸುಮ್ಮನಿರು ಮಾರಾಯ," ಎಂದಿತು ಏಡಿ. "ಅಲೆ ಸರಿದ ಕೂಡಲೇ ದೋಣಿ ಪಕ್ಕದ ಒದ್ದೆ ಮರಳಿನ ಮೇಲ್ಗಡೆ ಹಾರಾಡು. ಅಲ್ಲಿಂದ ನೇರ ಕೆಳಕ್ಕೆ ಫೋಟೊ ತೆಗೆ."

ಹದ್ದು ಹಾಗೇ ಮಾಡಿತು. ಫೋಟೊದಲ್ಲಿ ದೋಣಿ, ಏಡಿ, ಆಮೆ. ನಡುವೆ, ಕನ್ನಡಿಯಂತೆ ಹೊಳೆಯುವ ಮರಳಿನಲ್ಲಿ, ರೆಕ್ಕೆ ಹರಡಿದ ಹದ್ದಿನ ಪ್ರತಿಬಿಂಬ.

"ಇದು ಸರಿ," ಎಂದಿತು ಬೆಳ್ಳಕ್ಕಿ.

ಹದ್ದು ಫೋಟೊದಿಂದ ಕಣ್ಣು ತೆಗೆಯಲಿಲ್ಲ. "ನಾನು ಇಷ್ಟು ಚೆಂದ ಇದ್ದೇನೆಯೇ?"

"ನಮಗೆ ಗೊತ್ತಿತ್ತು," ಎಂದಿತು ಆಮೆ.