ಹರಿಗೋಲಿನ ತೊಗಲು

ಕೊಟ್ರಯ್ಯನ ಕಾಲು ಅಂದು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಗಾದರೆ ಹೊಳೆಯಾಚೆಯ ಗದ್ದುಗೆಯ ಮುಂದೆ ಗುರುಗಳು ಅವನ ಹೆಗಲಿಗೆ ಜೋಳಿಗೆ ಹಾಕುವವರಿದ್ದರು. ಆಮೇಲೆ ಅವನೂ ಊರೂರು ಭಿಕ್ಷೆ ಬೇಡಿ ಹಸಿದವರಿಗೆ ಬಡಿಸಬಹುದು. ಹನ್ನೆರಡು ವರ್ಷ ಕಾದಿದ್ದ, ಪಾಪ.

ಅದರ ಮೇಲೆ ಇನ್ನೊಂದು ಖುಷಿ. ಚಿಕ್ಕಂದಿನಿಂದ ಮೊಣಕೈಗಳನ್ನು ಕಾಡಿದ್ದ ಇಸುಬು ಕಾಣುತ್ತಲೇ ಇರಲಿಲ್ಲ.

"ಅಜ್ಜಾರ, ನೋಡ್ರಿ! ಹೋತು! ಪೂರಾ ಹೋತು!"

ಗುರುಗಳು ಮೊಣಕೈ ತಿರುಗಿಸಿ ನೋಡಿದರು. "ಚಲೋ ಆತು. ಎಣ್ಣಿ ಹಚ್ಚಿದಿ?"

"ಇನ್ನ್ಯಾಕ್ರಿ ಎಣ್ಣಿ? ಹೋಗೇತಲ್ರಿ!"

ಉಗುರುಬೆಚ್ಚಗಿನ ನೀರು, ಮೈ ಹಸಿಯಿದ್ದಾಗಲೇ ಎಣ್ಣೆ, ನವೆಯಾದರೆ ತಣ್ಣೀರ ಬಟ್ಟೆ. ಗುರುಗಳು ಹೇಳಿದ್ದಿಷ್ಟೇ. ಎರಡು ತಿಂಗಳು ತಪ್ಪದೆ ಮಾಡಿದ್ದವನು ಈಗ ಎಣ್ಣೆಯ ಕುಡಿಕೆಯನ್ನು ಅಟ್ಟಕ್ಕೆಸೆದ.

ದೀಕ್ಷೆಗೆ ಮೈ ಶುದ್ಧವಾಗಬೇಡವೇ? ಸಂಜೆ ಒಂದು ಹಂಡೆ ನೀರು ಕುದಿಸಿ, ತೆಂಗಿನ ನಾರಿನಿಂದ ಮೂರು ಸಲ ತಿಕ್ಕಿಕೊಂಡ. ಮಡಿಯ ಹುಚ್ಚು ಹಿಡಿದರೆ ಯಾರು ಬಿಡಿಸಬೇಕು!

ಬೆಳಗ್ಗೆ ನೋಡಿದರೆ ಎರಡೂ ಮೊಣಕೈ ಕೆಂಪಗೆ ಬಿರಿದು ಒಸರುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅತ್ತೇಬಿಟ್ಟ. ಇಂಥ ಕೈಗೆ ಯಾವ ತಾಯಿ ಹಿಟ್ಟು ನೀಡುತ್ತಾಳೆ?

ಶಾಲು ಹೊದ್ದು ದಡಕ್ಕೆ ಬಂದ. ಗುರುಗಳು ಹರಿಗೋಲಿನ ಪಕ್ಕ ನಿಂತಿದ್ದರು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಆ ಹಳೆಯ ದೋಣಿಯನ್ನು ನೋಡಿಕೊಳ್ಳುವವನು ಕೊಟ್ರಯ್ಯನೇ. ಇಂದು ಅದರ ಬಳಿ ಹೊಗೆಯಾಡುವ ನೀರಿನ ಕೊಡ, ತೆಂಗಿನ ನಾರು.

"ಇವತ್ತು ದೊಡ್ಡ ದಿನ. ಇದನ್ನೂ ಶುದ್ಧ ಮಾಡು. ಕುದಿಯೋ ನೀರು ಹಾಕಿ ತಿಕ್ಕು."

"ಅಯ್ಯಯ್ಯೋ, ಬ್ಯಾಡ್ರಿ! ತೊಗಲು ಬಿರೀತೈತ್ರಿ! ಕೂಸಿನಂಗ ನೋಡ್ಕೊಂಡೀನ್ರಿ. ತಣ್ಣೀರು, ನೆರಳು, ದಿನಾ ಎಣ್ಣಿ..."

"ದಿನಾ ಯಾಕ? ತೂತು ಬಿದ್ದಾಗ ಹಚ್ಚಿದ್ರ ಸಾಲದೇನು?"

"ತೂತು ಬೀಳಬಾರದಂತನ ದಿನಾ ಹಚ್ಚೋದ್ರಿ!"

ಅಂದವನ ಕೈ ತಾನಾಗಿ ಮೊಣಕೈಗೆ ಹೋಯಿತು. ಶಾಲು ಹೆಗಲಿಂದ ಜಾರಿತು.

ಗುರುಗಳು ಹೊಳೆಯ ನೀರಲ್ಲಿ ಬಟ್ಟೆ ಅದ್ದಿ, ಮೆಲ್ಲಗೆ ಅವನ ಮೊಣಕೈ ಒತ್ತಿದರು.

"ಮುಟ್ಟಬ್ಯಾಡ್ರಿ ಅಜ್ಜಾರ, ಮೈಲಿಗಿ..."

"ಇದು ಅಂಟೋ ಬ್ಯಾನಿ ಅಲ್ಲ. ಮೈಲಿಗಿನೂ ಅಲ್ಲ. ತೊಗಲಿಗೆ ನೀರಡಿಕಿ ಆಗೇತಿ, ಅಷ್ಟ."

ಅವನು ಅಟ್ಟಕ್ಕೆಸೆದಿದ್ದ ಕುಡಿಕೆ ಅವರ ಉಡಿಯಿಂದ ಹೊರಬಂತು. ಎಣ್ಣೆ ತಾಗಿದೊಡನೆ ಉರಿ ತಣ್ಣಗಾಗತೊಡಗಿತು. ಕೊಟ್ರಯ್ಯನಿಗೆ ಮತ್ತೆ ಜೀವ ಬಂತು.

"ತಿಳೀತ್ರಿ ಅಜ್ಜಾರ! ಈಗ ತಿಳೀತು! ಇದ್ರೂ ಹಚ್ಚತೀನಿ, ಹೋದ್ರೂ ಹಚ್ಚತೀನಿ! ಇನ್ನೆರಡು ತಿಂಗಳು ಕೊಡ್ರಿ. ಪೂರಾ ವಾಸಿ ಆದಮ್ಯಾಲೆ ಜೋಳಿಗಿ ಹಾಕ್ರಿ."

ಗುರುಗಳು ಮೈತುಂಬ ತೇಪೆಯಿದ್ದ ಹರಿಗೋಲನ್ನು ನೀರಿಗೆ ನೂಕಿ, ಹತ್ತಿ ಕುಳಿತು, ಹುಟ್ಟನ್ನು ಅವನತ್ತ ಚಾಚಿದರು.

"ಇದು ಪೂರಾ ವಾಸಿ ಆಗ್ಲಿ ಅಂತ ಕಾದಿದ್ರ, ನಾ ಈ ಹೊಳಿ ಒಮ್ಮಿನೂ ದಾಟತಿರಲಿಲ್ಲ. ಹತ್ತು ಮಗನ. ಕುಡಿಕಿ ಮರೀಬ್ಯಾಡ."